ಬೀಸಣಿಗೆಯ ಹಗ್ಗ ಬಿಟ್ಟು ಬಂದವನು

ರಾಜಕುಮಾರಿ ಸೌದಾಮಿನಿ ತಾನು ಕಲಿತ ಇಂಗ್ಲಿಷ್ ವ್ಯಾಕರಣದಿಂದ ಮೂರು ಒಗಟು ಕೇಳುವಳು, ಬಿಡಿಸಿದವನಿಗೆ ಅವಳನ್ನು ಕೊಟ್ಟು ಮದುವೆ ಮಾಡಿ ಅರ್ಧ ರಾಜ್ಯ ಕೊಡಲಾಗುವುದು, ತಪ್ಪಿದವನಿಗೆ ಶಿರಚ್ಛೇದ ಎಂದು ಕುಂತಳಗಿರಿಯ ಅರಸ ಡಂಗುರ ಹೊಡೆಸಿದ.

ಭರಮಣ್ಣ ಆ ಅರಮನೆಯಲ್ಲಿ ಸೂರಿಗೆ ತೂಗುಹಾಕಿದ ಬೀಸಣಿಗೆಯ ಹಗ್ಗ ಎಳೆಯುವ ಆಳು. ಆರು ವರ್ಷ ರಾಜಕುಮಾರಿಯ ಪಾಠದ ಕೋಣೆಯ ಹೊರಗೆ ಕೂತು ಎಳೆದಿದ್ದ. ಒಳಗಿನ ಪಾಠವೆಲ್ಲ ಕಿವಿಗೆ ಬಿದ್ದು ಬಾಯಿಗೆ ಬಂದಿತ್ತು. ಕದ್ದು ಕಲಿತದ್ದೆಂದು ನಾಚಿ ಯಾರಿಗೂ ಹೇಳಿರಲಿಲ್ಲ.

ಮೊದಲ ದಿನ ಪಾಳೆಯಗಾರನೊಬ್ಬನ ಮಗ ಬಂದ.

"ಕರ್ತೃವಿದೆ, ಕ್ರಿಯಾಪದವೂ ಇದೆ. ಆದರೂ ಒಂಟಿಯಾಗಿ ನಿಲ್ಲಲಾರದು, ಇನ್ನೊಬ್ಬರ ಆಸರೆ ಬೇಕು. ಯಾವುದದು?" ಎಂದು ಕೇಳಿದಳು ರಾಜಕುಮಾರಿ.

ಅವನು ನಾಮಪದ ಎಂದ. ಭಟರು ಸೆರೆಮನೆಗೆ ಎಳೆದೊಯ್ದರು. ಸಭೆಯ ಮೂಲೆಯಲ್ಲಿದ್ದ ಭರಮಣ್ಣನಿಗೆ ಉತ್ತರ ಗೊತ್ತಿತ್ತು. ನಿನಗೆ ಹೇಗೆ ಗೊತ್ತೆಂದು ಕೇಳಿದರೆ ಏನು ಹೇಳುವುದು? ತಲೆ ತಗ್ಗಿಸಿ ಹಗ್ಗ ಎಳೆಯುತ್ತಲೇ ಇದ್ದ.

ಮರುದಿನ ಬಂದ ಪಂಡಿತ ಅದೇ ಒಗಟಿಗೆ ಉಪಸರ್ಗ ಎಂದ. ಅವನನ್ನೂ ಎಳೆದೊಯ್ಯುವಾಗ ಅವನ ಮುದಿ ತಾಯಿ ಸಭೆಯ ಬಾಗಿಲಲ್ಲೇ ಕುಸಿದಳು. ಭರಮಣ್ಣ ಹಗ್ಗ ಎಳೆಯುತ್ತಲೇ ಅದನ್ನು ನೋಡಿದ.

ಮೂರನೆಯ ದಿನ ಇಬ್ಬರ ತಲೆ ಹೋಗಬೇಕಿತ್ತು. ಬೇರೆ ಯಾರೂ ಮುಂದೆ ಬರಲಿಲ್ಲ. ಆಗ ಬೀಸಣಿಗೆ ನಿಂತಿತು. ಭರಮಣ್ಣ ಹಗ್ಗ ಬಿಟ್ಟು ಬಂದು, ಹೊರಗೆ ಕೂತು ಕೇಳಿಸಿಕೊಂಡದ್ದನ್ನು ಒಪ್ಪಿಕೊಂಡ. ಕೆಲವರು ನಕ್ಕರು. ಅವನ ಕಿವಿ ಕೆಂಪಾಯಿತು.

"ಅದು ಆಶ್ರಿತ ವಾಕ್ಯ, ಅಮ್ಮಣ್ಣಿ. ತಲೆಯ ಮೇಲೆ 'ಬಿಕಾಸ್' ಅನ್ನೋ ಮಾತು ಕೂತಿರುತ್ತೆ. ಅದನ್ನು ಇಳಿಸಿದರೆ ಒಂಟಿಯಾಗಿ ನಿಲ್ಲುತ್ತೆ."

ನಗು ನಿಂತಿತು. ಎರಡೂ ಕೈ ತುಂಬದೆ ತೃಪ್ತಿಪಡದ ಕೆಲಸಗಾರ ಯಾರೆಂದು ಅವಳು ಕೇಳಿದಳು. 'ಗಿವ್' ಎಂಬ ಕ್ರಿಯಾಪದವೆಂದೂ, ಅದಕ್ಕೆ ಯಾರಿಗೆ, ಏನನ್ನು ಎಂಬ ಎರಡೂ ಬೇಕೆಂದೂ ಅವನು ಬಿಡಿಸಿದ.

"ಕೆಲಸ ನಡೆದದ್ದು ಕಾಣುತ್ತದೆ, ಮಾಡಿದವನು ಮರೆಯಾಗಿರುತ್ತಾನೆ. ಇದೇನು?"

ಭರಮಣ್ಣ ತಲೆಯೆತ್ತಿ ಅವಳನ್ನು ನೋಡಿದ. "ಕರ್ಮಣಿ ಪ್ರಯೋಗ. 'ಇಬ್ಬರನ್ನು ಸೆರೆಗೆ ಹಾಕಲಾಗಿದೆ' ಅಂತೀವಲ್ಲ, ಹಾಗೆ. ಹಾಕಿದವರು ಯಾರು ಅಂತ ಆ ವಾಕ್ಯ ಹೇಳೋದಿಲ್ಲ."

ರಾಜಕುಮಾರಿ ಮುಖ ತಗ್ಗಿಸಿದಳು.

ಅರಸ ಮಗಳನ್ನೂ ಅರ್ಧ ರಾಜ್ಯವನ್ನೂ ಕೊಡಲು ಮುಂದಾದರೆ ಭರಮಣ್ಣ ಅದರ ಬದಲಿಗೆ ಬೇಡಿದ್ದು ಆ ಇಬ್ಬರ ಪ್ರಾಣ. ಅರಸ ಒಪ್ಪಿದ. ರಾಜಕುಮಾರಿ ತಾನಾಗಿಯೇ ಅವನಿಗೆ ಪಾಠದ ಕೋಣೆಯಲ್ಲಿ ತನ್ನ ಸಮಕ್ಕೆ ಆಸನ ಹಾಕಿಸಿದಳು.

ಸೆರೆಮನೆಯ ಬಾಗಿಲು ತೆರೆಸಲು ಭರಮಣ್ಣನೇ ಹೋದ. ಪಂಡಿತ ಹೊರಬಂದು ಕಣ್ಣೀರಿಟ್ಟು ಕೈಮುಗಿದ.

"ಕೈಮುಗಿಯಬೇಡಿ ಬುದ್ಧಿ," ಎಂದ ಭರಮಣ್ಣ. "ಮೊದಲ ದಿನವೇ ಉತ್ತರ ಗೊತ್ತಿತ್ತು. ನಾನು ಹೇಳಲಿಲ್ಲ."

ಪಂಡಿತನ ಕೈಗಳು ಮೆಲ್ಲಗೆ ಕೆಳಗಿಳಿದವು.