ಮರಳಿನಲ್ಲಿ ಎರಡು ಗೆರೆ

ಡಿಸೆಂಬರ್ ಎಂಟು. ಆಕಾಶದಲ್ಲಿ ಮೋಡವಿರಲಿಲ್ಲ. ಬೆಳಗಿನ ಮೂಡಗಾಳಿ ಮಧ್ಯಾಹ್ನಕ್ಕೆ ನಿಂತಿತ್ತು. ಸಂಜೆಯ ಹೊತ್ತಿಗೆ ಅಳಿವೆಯ ನೀರು ಎಣ್ಣೆಯಂತೆ ಮಲಗಿತ್ತು.

ಹೊಳೆ ಕಡಲಿಗೆ ಸೇರುವ ಆ ಜಾಗದಲ್ಲಿ, ಮರಳ ದಂಡೆಯ ಮೇಲೆ ಜಟ್ಟಪ್ಪ ತಾಂಡೇಲರ ಗುಡಿಸಲು. ಒಂದು ಕಾಲಕ್ಕೆ ದೊಡ್ಡ ದೋಣಿಯ ತಾಂಡೇಲ, ಎಂದರೆ ನಾಯಕ, ಆಗಿದ್ದವರು. ಈಗ ಪಾತಿಯ ವಿದ್ಯೆ ಕಲಿಸುತ್ತಿದ್ದರು. ಪಾತಿ ಎಂದರೆ ಒಬ್ಬನೇ ಕೂತು ಹುಟ್ಟು ಹಾಕುವ ಸಣ್ಣ ದೋಣಿ. ಅದರಲ್ಲಿ ರಾತ್ರಿ ಹೋಗಿ ಗಾಳ ಹಾಕುವುದು ಆ ದಂಡೆಯವರ ಕಸುಬು.

ತಾಂಡೇಲರು "ಹೋಗು" ಎನ್ನದೆ ಅಲ್ಲಿ ಯಾರೂ ರಾತ್ರಿ ಒಂಟಿಯಾಗಿ ಪಾತಿ ಇಳಿಸುತ್ತಿರಲಿಲ್ಲ.

ಪುರುಸ ಆ ಒಂದು ಮಾತಿಗಾಗಿ ಕಾದಿದ್ದ. ಮೊದಲು ಅವನು ಒಂದು ಮಠದ ಅಂಗಳ ಗುಡಿಸಿಕೊಂಡಿದ್ದವನು. ಅಲ್ಲಿ ಎಲ್ಲರಿಗೂ ಮಂತ್ರ ಸಿಗುತ್ತಿತ್ತು. ಅವನಿಗೆ ಯಾರೂ ಕೊಟ್ಟಿರಲಿಲ್ಲ.

ಅದಕ್ಕೇ ಇಲ್ಲಿಗೆ ಬಂದ ಮೊದಲ ದಿನವೇ ಕೇಳಿದ್ದ: "ಗುರುಗಳೇ, ನನಗೊಂದು ಮಂತ್ರ ಕೊಡಿ."

"ಗುರುಗಳೇ ಅಂದರೆ ಮೀನು ಜಾಸ್ತಿ ಬೀಳ್ತದೋ?" ಎಂದರು ತಾಂಡೇಲರು.

"ಕತ್ತಲಲ್ಲಿ ಹೆದರಿಕೆ ಆದಾಗ ಹೇಳಲಿಕ್ಕೆ."

"ಯಾವುದರ ಹೆದರಿಕೆ?"

"ಕೆಳಗೆ ತೊರಕೆ. ಮೇಲೆ ಬೋಟು."

ತೊರಕೆ ಎಂದರೆ ಮರಳು ಹೊದ್ದು ಚಪ್ಪಟೆಯಾಗಿ ಮಲಗುವ ಮೀನು. ಬಾಲದಲ್ಲಿ ಗರಗಸದಂಥ ವಿಷದ ಮುಳ್ಳು. ಬೋಟು ಎಂದರೆ ಬಂದರಿಗೆ ಮರಳುವ ದೊಡ್ಡ ಎಂಜಿನ್ ಬೋಟು. ಅದರ ಮೇಲಿದ್ದವರಿಗೆ ಕತ್ತಲಲ್ಲಿ ಪಾತಿಯೂ ಒಂದೇ, ತೇಲುವ ತೆಂಗಿನ ಮಡಲೂ ಒಂದೇ.

"ಹಾಗಾದರೆ ನಿನಗೆ ಎರಡು ಬೇಕು," ಎಂದರು ತಾಂಡೇಲರು. "ಕೆಳಗಿನವರಿಗೆ 'ಬಂದೆ' ಅನ್ನು. ಮೇಲಿನವರಿಗೆ 'ಇದ್ದೇನೆ' ಅನ್ನು."

"ಅಷ್ಟೇನಾ?"

"ಯಾಕೆ, ಹೊರೆ ಜಾಸ್ತಿ ಆಯ್ತೋ?"

ಮರುದಿನ ಅವನನ್ನು ಮೊಣಕಾಲು ಮಟ್ಟದ ನೀರಿಗೆ ಇಳಿಸಿದರು. ತಾವು ಮುಂದೆ ನಡೆದರು. ಪಾದ ಎತ್ತಲಿಲ್ಲ. ಮರಳಿಗೆ ಒತ್ತಿ ಎಳೆಯುತ್ತ ಹೋದರು. ಎದುರಿನಲ್ಲಿ ಮರಳು ಒಮ್ಮೆ ಕದಡಿತು. ಅಗಲವಾದದ್ದೊಂದು ಎದ್ದು ಪಕ್ಕಕ್ಕೆ ಸರಿದು ಹೋಯಿತು.

"ಕಾಲು ಎತ್ತಿ ಇಟ್ಟರೆ ಅದರ ಬೆನ್ನ ಮೇಲೇ ಇಡ್ತೀಯ," ಎಂದರು. "ಎಳೆದರೆ ಅದಕ್ಕೆ ಮೊದಲೇ ಗೊತ್ತಾಗ್ತದೆ. ಅದಕ್ಕೇನೂ ನಿನ್ನ ಮೇಲೆ ದ್ವೇಷ ಇಲ್ಲ."

ಪುರುಸ ಹಿಂದೆ ಹಿಂದೆ ನಡೆದ. ಬಾಯಲ್ಲಿ "ಬಂದೆ, ಬಂದೆ" ಎನ್ನುತ್ತಲೇ ಇದ್ದ. ಕಾಲು ಆಗಾಗ ಏಳುತ್ತಿತ್ತು.

ತಾಂಡೇಲರು ತಿರುಗಿ ನೋಡಿದರು. ಹುಟ್ಟಿನ ತುದಿಯಿಂದ ಅವನ ಹಿಮ್ಮಡಿಗೆ ಒಮ್ಮೆ ತಟ್ಟಿದರು.

ಆ ಅಭ್ಯಾಸ ಅವರಲ್ಲಿ ಎಷ್ಟು ಇಳಿದಿತ್ತೆಂದರೆ ಒಣ ಮರಳಿನಲ್ಲೂ ಅವರ ಕಾಲು ಏಳುತ್ತಿರಲಿಲ್ಲ. ಗುಡಿಸಲಿನಿಂದ ನೀರಿನವರೆಗೆ ಯಾವಾಗಲೂ ಎರಡು ಗೆರೆ ಬಿದ್ದಿರುತ್ತಿತ್ತು. ಬರಬರುತ್ತ ಪಕ್ಕದಲ್ಲಿ ಪುರುಸನ ಎರಡು ಗೆರೆಯೂ ಬಿದ್ದವು.

ತಾಂಡೇಲರಿಗೆ ಅನ್ನ ಬೇಯಿಸಿ ಹಾಕುತ್ತಿದ್ದವಳು ಅವರ ತಂಗಿಯ ಮಗಳು ಗುಲಾಬಿ. ಮೀನು ಬುಟ್ಟಿ ಹೊತ್ತು ಪೇಟೆ ಸುತ್ತುವವಳು. ಬಾಯಿ ಸ್ವಲ್ಪ ಜೋರು.

"ಮಾವ, ಹಳೇ ಗಾಡಿಗೆ ಹೊಸ ಗಾಡಿ ಸೇರಿತು ನೋಡಿ," ಎನ್ನುತ್ತಿದ್ದಳು. "ಒಂದು ಜೊತೆ ಎತ್ತು ಕಟ್ಟಿದರೆ ಹೊಲ ಉಳಬಹುದು."

"ನಗು ಗುಲಾಬಕ್ಕ, ನಗು," ಎನ್ನುತ್ತಿದ್ದ ಪುರುಸ. "ನಾನೂ ಒಂದು ದಿನ ತಾಂಡೇಲ ಆಗ್ತೇನೆ."

"ಮೊದಲು ಕಾಲು ಎಳೆಯೋ ಮಾರಾಯ. ನಿನ್ನದು ಗೆರೆ ಅಲ್ಲ, ಚುಕ್ಕಿ ರಂಗೋಲಿ."

ಎರಡನೆಯ ಮಂತ್ರಕ್ಕೆ ತಾಂಡೇಲರು ಒಂದು ಕತ್ತಲ ರಾತ್ರಿಯನ್ನು ಆರಿಸಿಕೊಂಡರು. ಅವನ ಕೈಗೆ ಕಂದೀಲು ಕೊಟ್ಟು ದಂಡೆಯ ಕೊನೆಯವರೆಗೆ ಕಳಿಸಿದರು.

ತಿರುಗಿ ಬಂದಾಗ ಕೇಳಿದರು: "ಏನು ಕಾಣಿಸ್ತು?"

"ಏನೂ ಇಲ್ಲ. ಕಾಲ ಬುಡದ ಮರಳು ಅಷ್ಟೇ. ದೀಪ ಇಲ್ಲದಿದ್ದರೆ ನಕ್ಷತ್ರ ಆದರೂ ಕಾಣ್ತಿತ್ತು."

"ನನಗೆ ಕಂಡಿತು."

"ಇಲ್ಲಿಂದ? ಏನು?"

"ನೀನು."

ಪುರುಸ ತಲೆಯಾಡಿಸಿದ. ಆದರೆ ಅವನ ಮನಸ್ಸು ನಕ್ಷತ್ರದ ಕಡೆಗೇ ಇತ್ತು.

ಡಿಸೆಂಬರ್ ಎಂಟರ ಆ ಸಂಜೆ ತಾಂಡೇಲರು ನೀರನ್ನು ನೋಡಿದರು, ಅವನನ್ನು ನೋಡಿದರು.

"ಹೋಗು," ಎಂದರು.

ಪುರುಸ ಅವರ ಪಾದ ಮುಟ್ಟಿದ. ಬೆರಳ ಸಂದಿಯಲ್ಲಿ ಮರಳು, ಒಡೆದ ಹಿಮ್ಮಡಿ. ಅದನ್ನೇ ಕಣ್ಣಿಗೆ ಒತ್ತಿಕೊಂಡ.

"ಸಾಕೋ ತಮಾ, ನೀರು ಏರ್ತಾ ಇದೆ," ಎಂದರು ಅವರು. "ಕಂದೀಲು ಕೋಲಿಗೆ ಕಟ್ಟು."

ಕಟ್ಟಿದ.

ಅಳಿವೆಯ ಬಾಯಲ್ಲಿ, ಮರಳ ದಿಬ್ಬದ ತುದಿಗೆ ತಾಗಿ ಒಂದು ಗುಂಡಿ ಇತ್ತು. ಅಲ್ಲಿ ದೊಡ್ಡ ಮೀನು ನಿಲ್ಲುತ್ತದೆಂದು ಪುರುಸ ಒಬ್ಬನೇ ಕಂಡುಕೊಂಡಿದ್ದ. ಬೋಟುಗಳು ಹಾಯುವ ದಾರಿ ಅದರ ಪಕ್ಕದಲ್ಲೇ. ಉಳಿದ ಪಾತಿಯವರು ಅಲುಗದೆ ನಿಂತ ದೀಪ ಕಂಡರೆ ಅಲ್ಲಿಗೇ ಬರುತ್ತಾರೆಂಬುದೂ ಅವನಿಗೆ ಗೊತ್ತಿತ್ತು.

ಗಾಳ ಬಿಡುವ ಮೊದಲು ಅವನು ಕಂದೀಲಿನ ಮೇಲೆ ಗೋಣಿ ಮುಚ್ಚಿದ.

ನಕ್ಷತ್ರಗಳು ಚೆನ್ನಾಗಿ ಕಂಡವು. ಮೀನೂ ಬಿತ್ತು.

ಬೆಳಕು ಹರಿಯುವ ಹೊತ್ತಿಗೆ ಅವನು ದಂಡೆಗೆ ಬಂದ. ಪಾತಿಯಲ್ಲಿ ಮೊಳಕ್ಕಿಂತ ಉದ್ದದ ಮೀನು. ಮನಸ್ಸಿನಲ್ಲಿ ತಾಂಡೇಲರಿಗೆ ಹೇಳಬೇಕಾದ ಒಂದು ದೊಡ್ಡ ಸುದ್ದಿ. ಪಾತಿಯನ್ನು ಎಳೆದು ಹಾಕಿ ಗುಡಿಸಲಿನ ಕಡೆ ಹೊರಟವನು ನಿಂತ.

ಮರಳಿನಲ್ಲಿ ಹೆಜ್ಜೆ ಗುರುತುಗಳಿದ್ದವು.

ಗುಡಿಸಲಿನಿಂದ ದಿಬ್ಬದ ಕಡೆಗೆ. ಬಿಡಿ ಬಿಡಿ ಹೆಜ್ಜೆ. ಒಂದರಿಂದ ಒಂದಕ್ಕೆ ಬಹಳ ದೂರ. ಬೆರಳ ಕಡೆ ಆಳವಾಗಿ ಊರಿತ್ತು.

ಯಾರೋ ಓಡಿದ್ದಾರೆ ಎಂದುಕೊಂಡ. ತಾಂಡೇಲರ ಗುಡಿಸಲಿಗೂ ಕಳ್ಳ ಬರುತ್ತಾನೆಯೇ ಎಂದು ಅವನಿಗೆ ನಗುವೂ ಬಂತು.

ತುಸು ಆಚೆ ಮರಳಿ ಬಂದ ಗುರುತು ಇತ್ತು. ಬಲಗಾಲಿನ ಹೆಜ್ಜೆ, ಅದರ ಪಕ್ಕದಲ್ಲಿ ಒಂದೇ ಗೆರೆ.

ಅವನ ನಗು ನಿಂತಿತು.

ಗುಡಿಸಲ ಬಾಗಿಲು ತೆರೆದೇ ಇತ್ತು. ಒಲೆಯ ಮೇಲೆ ದೊಡ್ಡ ಹಂಡೆಯಲ್ಲಿ ನೀರು ಇನ್ನೂ ಬೆಚ್ಚಗಿತ್ತು. ಗೋಡೆಗೆ ತೂಗುತ್ತಿದ್ದ ತಾಂಡೇಲರ ಕಂದೀಲು ಅಲ್ಲಿರಲಿಲ್ಲ.

ಬಟ್ಟೆ ಒಯ್ಯಲು ಗುಲಾಬಿ ಬಂದದ್ದು ಮಧ್ಯಾಹ್ನದ ಮೇಲೆ. ರಿಕ್ಷಾ ರಸ್ತೆಯಲ್ಲೇ ನಿಂತಿತ್ತು.

"ಮಾವನಿಗೆ ತೊರಕೆ ಹೊಡೆದಿದೆ," ಎಂದಳು. "ಬಿಸಿನೀರಲ್ಲಿ ಕಾಲಿಟ್ಟು ರಾತ್ರಿ ಕಳೆದರು. ನಾನು ಬೆಳಗಿನ ಜಾವ ಬಂದು ನೋಡಿದೆ. ಆಸ್ಪತ್ರೆಗೆ ಹಾಕಿದ್ದೇನೆ."

"ತಾಂಡೇಲರಿಗಾ? ಅವರು ಕಾಲು ಎತ್ತುವವರೇ ಅಲ್ಲ!"

"ನಾನೂ ಹಾಗೇ ಅಂದುಕೊಂಡಿದ್ದೆ."

"ನಾನೂ ಬರ್ತೇನೆ ಅಕ್ಕ."

"ಬೇಡ. ನೀನು ಈಗ ಬರಬೇಡ ಅಂದಿದ್ದಾರೆ. ಹೆದರ್ತಾನಂತೆ." ಅವಳು ಪಾತಿಯ ಕಡೆ ನೋಡಿದಳು. ಕೋಲಿನ ಕಂದೀಲಿಗೆ ಗೋಣಿ ಇನ್ನೂ ಸುತ್ತಿಕೊಂಡೇ ಇತ್ತು. ಬಟ್ಟೆ ಗಂಟು ಎತ್ತಿಕೊಂಡು ಹೋದಳು.

ಪುರುಸ ಪಾತಿ ಇಳಿಸಲಿಲ್ಲ. ದಿನಾ ಸಂಜೆ ಗುಡಿಸಲಿನಿಂದ ನೀರಿನವರೆಗೆ ನಡೆದು ತಿರುಗಿ ಬರುತ್ತಿದ್ದ. ಗಾಳಿ ಹಳೆಯ ಗುರುತುಗಳನ್ನು ಅಳಿಸಿತು. ಅವನ ಎರಡು ಗೆರೆ ಮಾತ್ರ ಉಳಿದವು.

ಕೊನೆಗೆ ಗುಲಾಬಿ ಹೇಳಿ ಕಳಿಸಿದಳು.

ಆಸ್ಪತ್ರೆಯಲ್ಲಿ ತಾಂಡೇಲರು ದಿಂಬಿಗೆ ಒರಗಿದ್ದರು. ಹೊಟ್ಟೆಯವರೆಗೆ ಕಂಬಳಿ. ಮುಖ ಇಳಿದಿತ್ತು. ಕಣ್ಣು ಹಾಗೇ ಇತ್ತು. ಪಕ್ಕದಲ್ಲಿ ಗುಲಾಬಿ ಗಂಜಿ ಬಟ್ಟಲು ಹಿಡಿದು ಕೂತಿದ್ದಳು.

"ಮೀನು ಬಿತ್ತೋ?" ಎಂದರು.

"ಬಿತ್ತು."

"ದೊಡ್ಡದೋ?"

"ದೊಡ್ಡದು." ಪುರುಸ ನಿಂತೇ ಇದ್ದ. "ಬೋಟು ಬಂತು."

"ಹೇಳು."

"ನೇರ ನನ್ನ ಮೇಲೇ ಬಂತು. ಕಲ್ಲು ಕಟ್ಟಿ ಪಾತಿ ನಿಲ್ಲಿಸಿದ್ದೆ. ಹಗ್ಗ ಬಿಚ್ಚಲಿಕ್ಕೆ ಕೈ ಓಡಲಿಲ್ಲ. ಕಣ್ಣು ಮುಚ್ಚಿ 'ಇದ್ದೇನೆ, ಇದ್ದೇನೆ' ಅಂತ ಹೇಳ್ತಾ ಹೋದೆ. ಕಣ್ಣು ತೆರೆದಾಗ ಬೋಟು ಆಚೆಗೆ ತಿರುಗಿತ್ತು. ಮಂತ್ರ ಫಲಿಸಿತು ಅಂತ ನಿಮಗೆ ಹೇಳಲಿಕ್ಕೆ ಓಡಿ ಬಂದಿದ್ದೆ, ಆ ಬೆಳಿಗ್ಗೆ."

"ಬೋಟಿನ ಎಂಜಿನ್ ಸದ್ದಿನಲ್ಲಿ ಅದು ಅವರಿಗೆ ಕೇಳಿಸ್ತೋ?"

ಪುರುಸ ಇಲ್ಲವೆಂದು ತಲೆಯಾಡಿಸಿದ.

"ಕಂದೀಲು?"

"ಗೋಣಿ ಮುಚ್ಚಿದ್ದೆ."

ಗುಲಾಬಿ ಬಟ್ಟಲನ್ನು ಕೆಳಗಿಟ್ಟಳು. "ಹೇಳಿ ಮಾವ. ಇಲ್ಲದಿದ್ದರೆ ನಾನು ಹೇಳ್ತೇನೆ."

"ಅವನಿಗೇ ಗೊತ್ತಿದೆ, ಸುಮ್ಮನಿರು."

"ಅರ್ಧ ಗೊತ್ತಿದೆ," ಎಂದಳು ಅವಳು. ಪುರುಸನ ಕಡೆ ತಿರುಗಿದಳು. "ನಿನ್ನ ದೀಪ ಎಲ್ಲೂ ಕಾಣಲಿಲ್ಲವಂತೆ. ಬೋಟಿನ ದೀಪ ಅಳಿವೆಗೆ ತಿರುಗಿದ್ದು ಕಂಡಿತಂತೆ. ತಮ್ಮ ಕಂದೀಲು ಹಿಡಿದು ದಿಬ್ಬದ ತುದಿಗೆ, ಆ ನೀರಲ್ಲಿ ನಿಂತು ಬೀಸಿದರು. ಬೋಟಿನವರು ದಿಬ್ಬ ಹತ್ತಿರ ಇದೆ ಅಂತ ತಿರುಗಿಸಿದರು. ಕಂದೀಲು ಅಲ್ಲೇ ನೀರಿಗೆ ಬಿತ್ತಂತೆ. ಅಷ್ಟೇ ನಿನ್ನ ಮಂತ್ರ."

"ಗುರುಗಳೇ," ಎಂದ ಪುರುಸ.

ಪಾದ ಮುಟ್ಟಲು ಮಂಚದ ಕೊನೆಗೆ ಹೋದ. ಕಂಬಳಿಯ ಮೇಲೆ ಕೈಯಿಟ್ಟ. ಬಲಪಾದ ಸಿಕ್ಕಿತು. ಎಡಕ್ಕೆ ಕೈ ಸರಿಸಿದ. ಕಂಬಳಿ ಹಾಸಿಗೆಗೆ ಅಂಟಿತು. ಇನ್ನೂ ಮೇಲೆ ಸರಿಸಿದ. ಮೊಣಕಾಲಿನವರೆಗೂ ಅಲ್ಲಿ ಏನೂ ಇರಲಿಲ್ಲ.

"ಮುಳ್ಳು ಒಳಗೇ ಮುರಿದಿತ್ತು," ಎಂದಳು ಗುಲಾಬಿ. ಅವಳ ದನಿ ಈಗ ಮೆಲ್ಲಗಿತ್ತು. "ಸಕ್ಕರೆ ಕಾಯಿಲೆ ಬೇರೆ. ಉಳಿಸಲಿಕ್ಕೆ ಆಗಲಿಲ್ಲ ಅಂದರು."

ಪುರುಸ ಖಾಲಿ ಜಾಗದ ಮೇಲೆ ಕೈಯಿಟ್ಟುಕೊಂಡೇ ನಿಂತ.

"ಕಾಲು ಎತ್ತಬಾರದು ಅಂತ ನೀವೇ ಹೇಳಿದ್ದಿರಲ್ಲ, ಗುರುಗಳೇ. ಒಣ ಮರಳಲ್ಲೂ ಎತ್ತದವರು ನೀವು. ಆ ರಾತ್ರಿ ನೀರಲ್ಲಿ ಯಾಕೆ ಎತ್ತಿದಿರಿ?"

ತಾಂಡೇಲರು ದಿಂಬಿನಿಂದ ಮುಂದೆ ಬಾಗಿ ಅವನ ತಲೆಯ ಮೇಲೆ ಕೈಯಿಟ್ಟರು.

"ಎಳೆದುಕೊಂಡು ಬಂದಿದ್ದರೆ ಬೋಟು ಮೊದಲು ಬರ್ತಿತ್ತು, ತಮಾ."