ಕೇಳಿ ಹತ್ತುವ ಬೆಟ್ಟ

ಚೆನ್ನಾಜಮ್ಮನವರ ಆಶ್ರಮದ ಹಿಂಬದಿಗೆ ಗೋಡೆ ಇರಲಿಲ್ಲ. ಅಲ್ಲಿಂದಲೇ ಬೆಟ್ಟ ಶುರುವಾಗುತ್ತಿತ್ತು.

ಬೆಟ್ಟದ ಬುಡದಲ್ಲಿ ಒಂದು ಚಪ್ಪಟೆ ಕಲ್ಲು. ಸೌದೆಗೋ, ಜೇನಿಗೋ, ಒರತೆಯ ನೀರಿಗೋ ಹತ್ತುವವರು ಮೊದಲು ಆ ಕಲ್ಲಿನ ಮೇಲೆ ಬರಿಗಾಲಲ್ಲಿ ನಿಂತು, ಬಂದ ಕಾರಣವನ್ನು ಬೆಟ್ಟಕ್ಕೆ ಹೇಳಬೇಕು. ಒಳಗಿಂದ ಒಂದು ಹಕ್ಕಿಯೋ ಎಲೆಯೋ ಸದ್ದು ಮಾಡುವವರೆಗೆ ಕಾಯಬೇಕು. ಇಳಿದು ಬಂದಾಗ ಅದೇ ಕಲ್ಲಿನ ಮೇಲೆ ನಿಂತು, ತಂದದ್ದನ್ನು ತೋರಿಸಿ, "ಇಷ್ಟು ತಗೊಂಡೆ" ಅನ್ನಬೇಕು.

ಯಾರು ಕಲಿಸಿದ್ದೋ ಗೊತ್ತಿಲ್ಲ. ಆಶ್ರಮದವರೂ ಹಾಗೆ ಮಾಡುತ್ತಿದ್ದರು, ಪಕ್ಕದ ಹಾಡಿಯ ಗುಡಿಸಲುಗಳ ಕಾಡುಜನರೂ ಹಾಗೆ ಮಾಡುತ್ತಿದ್ದರು.

ಬೆಟ್ಟ ಮಲ್ಲೇಗೌಡರದ್ದು. ಅವರಿಗೆ ವಯಸ್ಸಾಗಿತ್ತು, ಮಕ್ಕಳಿರಲಿಲ್ಲ. ಮರದ ವ್ಯಾಪಾರಿಗಳು ಆಗಲೇ ಅವರ ಅಣ್ಣನ ಮಕ್ಕಳ ಮನೆಗೆ ಓಡಾಡತೊಡಗಿದ್ದರು.

ಒಂದು ಬೆಳಿಗ್ಗೆ ಗೌಡರು ಕೋಲೂರಿಕೊಂಡು ಆಶ್ರಮಕ್ಕೆ ಬಂದರು.

"ತಾಯಿ, ನಾನು ಕಣ್ಣು ಮುಚ್ಚಿದ ಮಾರನೇ ದಿನ ಅಲ್ಲಿ ಕೊಡಲಿ ಬೀಳತ್ತೆ. ಅದಕ್ಕೆ ಮೊದಲೇ ಬೆಟ್ಟನ ಯಾರಿಗಾದ್ರೂ ಬರೆದುಕೊಡಬೇಕು. ನಿಮಗೆ ಕೊಡೋಣ ಅಂತ ನನ್ನ ಆಸೆ. ಹಾಡಿಯವರು ತಮ್ಮದು ಅಂತಾರೆ. ಯಾರದಾಗಬೇಕು, ನೀವೇ ಹೇಳಿ."

ಚೆನ್ನಾಜಮ್ಮ ಬಾಯಿ ತೆರೆಯುವ ಮೊದಲೇ ಅವರ ಶಿಷ್ಯ ಕರಿಬಸವ ಹೇಳಿದ: "ನಮಗೇ ಆಗಲಿ ಅವ್ವಾ. ನಮ್ಮ ಕೈಲಿದ್ದರೆ ಒಂದು ಕಡ್ಡಿಯನ್ನೂ ಯಾರಿಗೂ ಮುರಿಯೋಕೆ ಬಿಡಲ್ಲ."

ಕರಿಬಸವ ತೊಟ್ಟಿಲ ವಯಸ್ಸಿನಲ್ಲಿ ಆಶ್ರಮಕ್ಕೆ ಬಂದವನು. ಆ ಬೆಟ್ಟದ ನೀರು ಕುಡಿದು, ಆ ಬೆಟ್ಟದ ಸೌದೆಯಲ್ಲಿ ಬೆಂದ ಗಂಜಿ ಉಂಡು ಬೆಳೆದವನು. ಬೆಟ್ಟ ಬೋಳಾಗುವುದನ್ನು ನೆನೆದರೆ ಅವನಿಗೆ ಅನ್ನ ಸೇರುತ್ತಿರಲಿಲ್ಲ.

ಚೆನ್ನಾಜಮ್ಮ ಗೌಡರಿಗೆ ಹೇಳಿದರು: "ದೀಪಾವಳಿಗೆ ಬನ್ನಿ. ಅಲ್ಲಿತನಕ ಬೆಟ್ಟ ಇವನದು ಅಂತ ಇಟ್ಟುಕೊಳ್ಳಿ."

"ಇವನದಾ?"

"ನನಗೂ ನಿಮ್ಮಷ್ಟೇ ವಯಸ್ಸು ಗೌಡರೇ. ಮುದುಕಿ ಕೈಗೆ ಕೊಟ್ಟು ಏನು ಮಾಡ್ತೀರಿ?"

ಗೌಡರು ನಕ್ಕು, ಆಗಲಿ ಎಂದು ಹೋದರು.

ಅಂದು ಕರಿಬಸವ ಕಲ್ಲಿನ ಮೇಲೆ ನಿಂತು, "ನಿನ್ನನ್ನು ಕಾಯೋಕೆ ಬಂದಿದೀನಿ" ಎಂದ. ಸದ್ದಿಗೆ ಕಾಯಲಿಲ್ಲ.

ಮರುದಿನ ಕಲ್ಲಿನ ಮೇಲೆ ನಿಲ್ಲಲೇ ಇಲ್ಲ. ತನ್ನ ಮನೆಗೆ ಹೋಗುವಾಗ ಯಾರಾದರೂ ಕೇಳಿ ಹೋಗುತ್ತಾರೆಯೇ ಅನ್ನಿಸಿತು.

ಆಮೇಲೆ ಬೇಲಿ ಹಾಕಿದ. ಸೀಗೆ, ಕಾರೆ, ಕೈಗೆ ಸಿಕ್ಕಿದ ಮುಳ್ಳನ್ನೆಲ್ಲ ಕಡಿದು ತಂದು ಎದೆಯೆತ್ತರಕ್ಕೆ ಒಟ್ಟಿದ. ಚಪ್ಪಟೆ ಕಲ್ಲು ಬೇಲಿಯ ಒಳಗಾಯಿತು.

ಹಾಡಿಯ ಕೇತಮ್ಮ ಬುಟ್ಟಿ ಹಿಡಿದು ಬಂದವಳು ಬೇಲಿಯ ಹೊರಗೇ ನಿಂತು, "ತಾಯಿ, ನೆಲ್ಲಿಕಾಯಿಗೆ ಬಂದಿದೀನಿ" ಎಂದಳು.

"ಯಾರನ್ನ ಕೇಳ್ತಿದೀಯ?" ಎಂದ ಕರಿಬಸವ.

"ಬೆಟ್ಟನ."

"ಇನ್ನು ಮೇಲೆ ನನ್ನನ್ನ ಕೇಳಬೇಕು."

ಕೇತಮ್ಮ ಅವನನ್ನು ಮೇಲಿಂದ ಕೆಳಗೆ ನೋಡಿದಳು. "ಬೆಟ್ಟ ಆದ್ರೆ ಎಲ್ಲಿ ನಿಂತ್ರೂ ಕಾಣತ್ತೆ. ನಿನ್ನನ್ನ ಎಲ್ಲಿ ಅಂತ ಹುಡುಕಲಪ್ಪಾ?" ಎಂದು ಖಾಲಿ ಬುಟ್ಟಿ ತಲೆ ಮೇಲೆ ಕವುಚಿಕೊಂಡು ಹೋದಳು.

ಕರಿಬಸವ ಬಂದು ಗುರುವಿಗೆ ಹೇಳಿದ: "ಇವತ್ತು ಒಬ್ಬರನ್ನ ತಡೆದೆ ಅವ್ವಾ."

"ಯಾರನ್ನ?"

"ಹಾಡಿಯ ಕೇತಮ್ಮನ್ನ."

"ನಿನಗೆ ಜ್ವರ ಏರಿದಾಗ ಬೆಟ್ಟದಿಂದ ಬೇರು ತಂದು ಅರೆದು ಕುಡಿಸಿದವಳಾ?"

"ಅದು ಬೇರೆ ವಿಷಯ."

ಚೆನ್ನಾಜಮ್ಮ ಎದ್ದರು. ಬಿಂದಿಗೆ ತೆಗೆದುಕೊಂಡು ಬೇಲಿಯವರೆಗೆ ನಡೆದರು. ಕರಿಬಸವ ಹಿಂದೆಯೇ ಹೋದ. ಅವರು ಬರಿಗಾಲಲ್ಲಿ ನಿಂತು, ಬೆಟ್ಟಕ್ಕೆ ಬೆನ್ನು ಹಾಕಿ, ಅವನಿಗೆ ಕೈಮುಗಿದರು.

"ಸ್ವಾಮಿ, ಒಂದು ಬಿಂದಿಗೆ ನೀರಿಗೆ ಬಂದಿದೀನಿ."

ಕರಿಬಸವ ಎರಡು ಹೆಜ್ಜೆ ಹಿಂದೆ ಸರಿದ. ಅಷ್ಟರಲ್ಲಿ ಒಳಗೆಲ್ಲೋ ಒಂದು ಹಕ್ಕಿ ಕೂಗಿತು.

"ಹಕ್ಕಿ ಕೂಗಿತಲ್ಲ ಅವ್ವಾ. ಹೋಗಿ."

"ಹಕ್ಕಿ ಯಾರು? ಬೆಟ್ಟ ನಿಂದು. ನೀನು ಹೇಳಬೇಕು."

"ಹೋಗಿ ಅಂತ ನಾನೇ ಹೇಳ್ತಿದೀನಿ."

"ನಾಳೆಗೂ ನೀರು ಬೇಕು."

"ನಾಳೆಯೂ ತನ್ನಿ."

"ಒರತೆಯಲ್ಲಿ ನಾಳೆ ನೀರು ಇರೋ ಹಾಗೆ ನೋಡ್ಕೋತೀಯಾ?"

ಗುರು ಬೇಲಿಯತ್ತ ತಿರುಗಿದರು. ಕಡಿದ ಸೀಗೆಯ ಕೊಂಬೆಯಲ್ಲಿ ಮೊಗ್ಗುಗಳು ಬಾಡಿ ನೇತಾಡುತ್ತಿದ್ದವು.

"ಇಷ್ಟೊಂದು ಮುಳ್ಳು ಎಲ್ಲಿಂದ ತಂದೆ?"

"ಬೆಟ್ಟದಿಂದ."

"ಯಾರನ್ನ ಕೇಳಿದೆ?"

ಅವನು ಬರಿಗೈಯಲ್ಲೇ ಬೇಲಿ ಕೀಳತೊಡಗಿದ. ಸಂಜೆ ಮುಳ್ಳು ಗೀರಿ ರಕ್ತ ಬಂದ ಕೈಯಲ್ಲೇ ಹಾಡಿಗೆ ಹೋದ.

ದೀಪಾವಳಿಗೆ ಗೌಡರು ಬಂದರು. "ಏನಪ್ಪಾ ಒಡೆಯ, ಬೆಟ್ಟ ಹೇಗಿದೆ?"

"ನನ್ನ ಕೈಯಿಂದ ತಪ್ಪಿಸಿಕೊಂಡು ಉಳಕೊಂಡಿದೆ" ಎಂದ ಕರಿಬಸವ. "ನನ್ನ ಹೆಸರಿಗೆ ಬೇಡ ಗೌಡರೇ. ಬರೀ ಆಶ್ರಮದ ಹೆಸರಿಗೂ ಬೇಡ. ಹಾಡಿಯವರೂ ನಾವೂ ಕೂಡಿ ಕಾಯ್ತೀವಿ. ಯಾರೂ ಮಾರಬಾರದು, ಕೇಳಿ ಹತ್ತೋರನ್ನ ಯಾರೂ ತಡೀಬಾರದು, ಹಾಗಂತ ಬರೆದುಕೊಡಿ. ಕೇತಮ್ಮ ಒಪ್ಪಿದಾಳೆ. ಮೊದಲು ಬೈದಳು, ಆಮೇಲೆ ಒಪ್ಪಿದಳು."

ಗೌಡರು ಗುರುವಿನ ಮುಖ ನೋಡಿದರು. ಚೆನ್ನಾಜಮ್ಮ ತಲೆಯಾಡಿಸಿದರು.

"ಹಾಗೇ ಬರೀತೀನಿ" ಎಂದರು ಗೌಡರು.

ಹೊರಡುವಾಗ ಅವರು ಚಪ್ಪಲಿ ಬಿಟ್ಟು, ಕೋಲನ್ನು ಕರಿಬಸವನ ಕೈಗೆ ಕೊಟ್ಟು, ಒಮ್ಮೆ ಆ ಕಲ್ಲಿನ ಮೇಲೆ ನಿಂತರು. ಬೆಟ್ಟ ತಮ್ಮದಾಗಿದ್ದಷ್ಟು ಕಾಲವೂ ಅವರು ಅಲ್ಲಿ ನಿಂತವರಲ್ಲ.

ಅವರು ಹೋದ ಮೇಲೆ ಕರಿಬಸವ ಕಲ್ಲು ಹತ್ತಿದ. ಹಿಂದಿರುಗಿ ಗುರುವಿನತ್ತ ನೋಡಿದ.

"ಅವ್ವಾ, ಏನಂತ ಹೇಳಲಿ? ಇವತ್ತು ನನಗೇನೂ ಬೇಕಾಗಿಲ್ಲ."

ಚೆನ್ನಾಜಮ್ಮ ತುಂಬಿದ ಬಿಂದಿಗೆಯನ್ನು ಸೊಂಟಕ್ಕೇರಿಸಿಕೊಂಡರು.

"ಹಾಗಾದ್ರೆ ಇಷ್ಟು ದಿನ ಏನೇನು ತಗೊಂಡೆ, ಅದನ್ನ ಹೇಳು. ನಿನ್ನ ಊಟ ಮುಚ್ಚಿಟ್ಟಿರ್ತೀನಿ."