ಮೀಟರಪ್ಪನವರ ಕಾಲು

ಬಣ್ಣದ ಕಾರ್ಖಾನೆಯ ಕೊಳಕು ನೀರನ್ನು ಶುದ್ಧ ಮಾಡುವ ತೊಟ್ಟಿಯೊಂದಿತ್ತು. ಮೊಟ್ಟೆಯಿಡಲು ಜಾಗ ಹುಡುಕುತ್ತಿದ್ದ ಕಪ್ಪೆಯೊಂದು ಅದರ ಅಂಚಿಗೆ ಬಂದು ಕೂತಿತು. ನೀರೇನೋ ತಿಳಿಯಾಗಿತ್ತು, ಮೂಗಿಗೆ ಮಾತ್ರ ಯಾಕೋ ಸರಿಬರಲಿಲ್ಲ. ವಿಷ ಅಳೆಯಲು ಆಗಷ್ಟೇ ನೀರಿಗೆ ತನ್ನ ಕಡ್ಡಿಯಂಥ ಕಾಲು ಅದ್ದಿ ತೆಗೆದ ಮೀಟರನ್ನು ಅದು ಕೇಳಿತು:

“ಮೀಟರಪ್ಪನವರೇ, ಇದರಲ್ಲಿ ನನ್ನ ಮಕ್ಕಳು ಬದುಕುತ್ತಾರೆಯೇ?”

“ಧಾರಾಳವಾಗಿ! ಕೆಂಪು ಬಣ್ಣದ ವಿಷ ಬೆಳಿಗ್ಗೆ ತೊಂಬತ್ತಿತ್ತು, ಈಗ ಸೊನ್ನೆ. ಒಡೆದು ಚೂರುಚೂರಾಗಿದೆ.”

“ಆ ಚೂರುಗಳೆಲ್ಲಿ?”

“ನೀರಲ್ಲೇ ಇರಬೇಕು. ಕೆಂಪನ್ನು ಅಳೆ ಎಂದರು, ಅಳೆದೆ. ಚೂರುಗಳ ಉಸಾಬರಿ ನನಗೇಕೆ?”

“ಹಾಗಾದರೆ ಒಂದು ಉಪಕಾರ ಮಾಡಿ. ನಾನು ಮೊಟ್ಟೆಯಿಟ್ಟು ಮುಗಿಸುವವರೆಗೆ ನಿಮ್ಮ ಕಾಲನ್ನು ಈ ನೀರಲ್ಲೇ ಇಟ್ಟುಕೊಂಡಿರಿ. ನನಗೂ ಧೈರ್ಯ.”

“ಶಿವಶಿವಾ!” ಮೀಟರು ಹೌಹಾರಿತು. “ಅದ್ದಿದ ಕೂಡಲೇ ಶುದ್ಧ ನೀರಲ್ಲಿ ತೊಳೆಯದಿದ್ದರೆ ನನ್ನ ಕಾಲು ಕೆಟ್ಟೇಹೋಗುತ್ತದೆ! ಅದಕ್ಕೆಂದೇ ಅಗೋ, ಪಕ್ಕದಲ್ಲಿ ಒಂದು ಬೋಗುಣಿ ಶುದ್ಧ ನೀರಿಟ್ಟಿದ್ದಾರೆ.”

ಕಪ್ಪೆ ಬೋಗುಣಿಯನ್ನೊಮ್ಮೆ, ಮೀಟರನ್ನೊಮ್ಮೆ ನೋಡಿತು. ಬೋಗುಣಿಗೆ ಹಾರಿ, ಅದರ ತುಂಬ ಮೊಟ್ಟೆಯಿಟ್ಟಿತು.

ಮೀಟರಪ್ಪನವರು ಒದ್ದೆ ಕಾಲೆತ್ತಿಕೊಂಡು ನಿಂತೇ ಇದ್ದರು.